ಅಮ್ಮನ ಮಂಡಿ, ಮಗಳ ನಿದ್ದೆ: ಬೇ ಏರಿಯಾದಲ್ಲಿ ಯಾವ ಸ್ಟೇಟ್ ಪಾರ್ಕಿಗೆ ಹೋಗೋದು?

ಕಳೆದ ವರ್ಷ ಅಪ್ಪ ಅಮ್ಮ ಚನ್ನರಾಯಪಟ್ಟಣದಿಂದ ಕ್ಯಾಲಿಫೋರ್ನಿಯಾದ ಬೇ ಏರಿಯಾ, ಅಂದರೆ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತಲಿನ ಊರುಗಳಲ್ಲೊಂದಾದ ಫ್ರೀಮಾಂಟಿನ ನಮ್ಮ ಮನೆಗೆ ಬಂದಿದ್ದರು. ಏಪ್ರಿಲ್‌ನಲ್ಲಿ ಬಂದವರು ಅಕ್ಟೋಬರ್ ಕೊನೆವರೆಗೂ ಇದ್ದರು. ಮೊದಲ ಎರಡು ವಾರದಲ್ಲೇ ದೇವಸ್ಥಾನ, ಕಾಸ್ಟ್‌ಕೋ, ಗೋಲ್ಡನ್ ಗೇಟ್ ಎಲ್ಲ ಮುಗಿದುಹೋಯಿತು. ಮೂರನೇ ಶನಿವಾರ ಬೆಳಿಗ್ಗೆ ಏಳಕ್ಕೇ ಅಪ್ಪ ಸ್ನಾನ ಮುಗಿಸಿ, ಷೂ ಹಾಕಿಕೊಂಡು ಸೋಫಾ ಮೇಲೆ ಕೂತು, "ಇವತ್ತೆಲ್ಲಿಗಮ್ಮಾ?" ಅಂದರು. ವಾರಪೂರ್ತಿ ಮನೆಯೊಳಗೇ ಕೂತಿದ್ದವರು ಪಾಪ. ಇಲ್ಲಿ ಕಾರಿಲ್ಲದೆ ಹಾಲಿನಂಗಡಿಗೂ ಹೋಗೋಕಾಗಲ್ಲ ಅಲ್ವಾ.

ಆ ಆರು ತಿಂಗಳಲ್ಲಿ ನಾವು ಸ್ಟೇಟ್ ಪಾರ್ಕುಗಳನ್ನು ಚೆನ್ನಾಗಿಯೇ ಸುತ್ತಿದೆವು. ಕೆಲವು ಕಡೆ ಎಡವಿದೆವು ಕೂಡ. ಈಗ ಅಪ್ಪ ಅಮ್ಮನಿಗೆ ಟಿಕೆಟ್ ಮಾಡಿಸಿ ಕೂತಿರುವ ಗೆಳತಿಯರು "ಎಲ್ಲಿಗೆ ಕರ್ಕೊಂಡು ಹೋಗ್ಲೇ?" ಅಂತ ಕೇಳುತ್ತಲೇ ಇರುತ್ತಾರೆ. ಫೋನಿನಲ್ಲಿ ಬಿಡಿಬಿಡಿಯಾಗಿ ಹೇಳಿದ್ದನ್ನೆಲ್ಲ ಒಂದು ಕಡೆ ಬರೆದಿದ್ದೇನೆ.

ಮೊದಲಿಗೆ ಒಂದು ಗೊಂದಲ ಬಗೆಹರಿಸಿಬಿಡೋಣ. ಸ್ಟೇಟ್ ಪಾರ್ಕ್ ಬೇರೆ, ನ್ಯಾಷನಲ್ ಪಾರ್ಕ್ ಬೇರೆ. ಯೊಸೆಮಿಟಿ ಕೇಂದ್ರ ಸರ್ಕಾರದ್ದು. ಸ್ಟೇಟ್ ಪಾರ್ಕನ್ನು ಆಯಾ ರಾಜ್ಯವೇ ನೋಡಿಕೊಳ್ಳುತ್ತದೆ. ನಮ್ಮವರೆಲ್ಲ ಅಪ್ಪ ಅಮ್ಮನನ್ನು ತಪ್ಪದೇ ಕರೆದುಕೊಂಡು ಹೋಗುವ ನಯಾಗರ ಇದೆಯಲ್ಲ, ಅದೂ ನ್ಯೂಯಾರ್ಕಿನ ಸ್ಟೇಟ್ ಪಾರ್ಕೇ. 1885ರಲ್ಲಿ ಶುರುವಾದದ್ದು, ಇಡೀ ದೇಶದಲ್ಲೇ ಹಳೆಯದು. ಜೇಬಿಗೆ ಸಂಬಂಧಪಟ್ಟ ವಿಷಯ ಏನಪ್ಪಾ ಅಂದರೆ, ಎಂಬತ್ತು ಡಾಲರ್ ಕೊಟ್ಟು ಮಾಡಿಸಿಕೊಂಡ ನ್ಯಾಷನಲ್ ಪಾರ್ಕ್ ಪಾಸು ಸ್ಟೇಟ್ ಪಾರ್ಕ್ ಗೇಟಿನಲ್ಲಿ ನಡೆಯಲ್ಲ. ನಮ್ಮನೆಯವರು ಅದನ್ನು ಠೀವಿಯಿಂದ ತೋರಿಸಿ, ಗೇಟಿನ ಹುಡುಗಿ ನಕ್ಕು, ಆಮೇಲೆ ಕಾರ್ಡು ತೆಗೆದರು. ಈ ಭಾಗದ ಪಾರ್ಕುಗಳಲ್ಲಿ ಸಾಮಾನ್ಯವಾಗಿ ಕಾರಿಗೆ ಹತ್ತು ಡಾಲರ್ ಆಸುಪಾಸು. ತಲೆ ಲೆಕ್ಕ ಅಲ್ಲ, ಕಾರಿನ ಲೆಕ್ಕ. ಆರು ಜನ ತುಂಬಿಕೊಂಡು ಹೋಗುವ ನಮ್ಮಂಥವರಿಗೆ ಲಾಭವೇ. ಇಲ್ಲಿನ ಸಾರ್ವಜನಿಕ ಲೈಬ್ರರಿಗಳು ಪುಸ್ತಕ ಕೊಟ್ಟ ಹಾಗೆ ಪಾರ್ಕ್ ಪಾಸನ್ನೂ ಎರವಲು ಕೊಡುತ್ತವೆ. ಬೇಸಿಗೆಯಲ್ಲಿ ಅದಕ್ಕೆ ಸರದಿ ಇರುತ್ತದೆ, ಮೊದಲೇ ಹೆಸರು ಬರೆಸಿ.

ಓದೋಕೆ ಪುರುಸೊತ್ತಿಲ್ಲದವರಿಗೆ ನನ್ನ ತೀರ್ಮಾನ ಇಲ್ಲೇ ಹೇಳಿಬಿಡುತ್ತೇನೆ. ಮಂಡಿ ನೋವಿನ ಅಮ್ಮ, ಚಿಕ್ಕ ಮಗು ಇಬ್ಬರೂ ಕಾರಿನಲ್ಲಿದ್ದರೆ ಕಣ್ಣು ಮುಚ್ಚಿಕೊಂಡು ಹೆನ್ರಿ ಕೋವೆಲ್‌ಗೆ ಹೋಗಿ. ಎಲ್ಲರೂ ಗಟ್ಟಿಯಾಗಿದ್ದರೆ, ಕಾರಿನಲ್ಲಿ ಯಾರಿಗೂ ತಲೆ ಸುತ್ತದಿದ್ದರೆ ಬಿಗ್ ಬೇಸಿನ್. ಏಪ್ರಿಲ್, ಮೇನಲ್ಲಿ ಮೌಂಟ್ ಡಯಾಬ್ಲೊ. ಅಕ್ಟೋಬರ್ ಮಧ್ಯದ ಮೇಲೆ ನ್ಯಾಚುರಲ್ ಬ್ರಿಡ್ಜಸ್. ಯಾಕೆ ಅಂತ ತಿಳಿಯಬೇಕಾದರೆ ಮುಂದೆ ಓದಿ.

ಫೋಟೊ ನೋಡಿ ಮೋಸ ಹೋದದ್ದು

ನಾನು ಮೊದಲು ಆರಿಸಿದ್ದು ಕ್ಯಾಸಲ್ ರಾಕ್. ಜೇನುಗೂಡಿನ ಹಾಗೆ ತೂತು ತೂತಾದ ಬಂಡೆಗಳು. ಫೋಟೊ ನೋಡಿ ಮರುಳಾದೆ. ಸಾರಟೋಗದಿಂದ ಹೈವೇ 9 ಹಿಡಿದು ಹತ್ತಬೇಕು, ಚಾರ್ಮಾಡಿ ಘಾಟಿಯ ಹಾಗೆ ತಿರುವೋ ತಿರುವು. ನಾಲ್ಕು ವರ್ಷದ ಮಗಳು ಬೆಳಿಗ್ಗೆ ತಿಂದ ಇಡ್ಲಿಯನ್ನೆಲ್ಲ ಕಾರಿನಲ್ಲೇ ಕಕ್ಕಿದಳು. ಪಾರ್ಕಿನ ದಾರಿಯಲ್ಲಿ ಮರದ ಬೇರು, ಕಲ್ಲು, ಇಳಿಜಾರು. ಅಮ್ಮ ಹತ್ತು ನಿಮಿಷ ನಡೆದು, "ನೀವು ಹೋಗಿ ಬನ್ನಿ, ನಾನಿಲ್ಲೇ ಕೂತಿರ್ತೀನಿ" ಅಂದರು. ಎರಡು ಗಂಟೆ ಬಿಟ್ಟು ವಾಪಸ್ ಬಂದಾಗ ಅದೇ ಬೆಂಚಿನ ಮೇಲೆ, ಸ್ವೆಟರ್ ಹೊದ್ದು, ವ್ಯಾನಿಟಿ ಬ್ಯಾಗ್ ತೊಡೆ ಮೇಲಿಟ್ಟುಕೊಂಡು, ಬಸ್‌ಸ್ಟ್ಯಾಂಡಿನಲ್ಲಿ ಕೂತವರ ಹಾಗೆ ಕೂತಿದ್ದರು. "ಚೆನ್ನಾಗಿತ್ತಾ?" ಅಂತ ಬೇರೆ ಕೇಳಿದರು. ನನಗೆ ಹೊಟ್ಟೆ ಚುರುಕ್ ಅಂದಿತು.

ಅವತ್ತಿನಿಂದ ನಾನು ಪಾರ್ಕಿನ ಫೋಟೊ ನೋಡೋದು ಬಿಟ್ಟೆ. ನೋಡುವುದು ಮೂರೇ. ದಾರಿ ಸಪಾಟಾಗಿದೆಯಾ? ಟಾಯ್ಲೆಟ್ ಎಲ್ಲಿದೆ? ಕಾರಿನ ರಸ್ತೆ ಎಷ್ಟು ತಿರುಗುತ್ತದೆ? ಅಪ್ಪನಿಗೆ ಬಿಪಿ ಮಾತ್ರೆ, ಗಂಟೆಗೊಮ್ಮೆ ಟಾಯ್ಲೆಟ್ ಬೇಕು. ಮಗಳಿಗೆ ಮಧ್ಯಾಹ್ನ ಒಂದಕ್ಕೆ ನಿದ್ದೆ ಬೇಕು. ಒಂಬತ್ತು ವರ್ಷದ ಮಗನಿಗೆ ಏನಾದರೂ ಹತ್ತಬೇಕು, ತೂರಬೇಕು. ಇವರೆಲ್ಲರಿಗಿಂತ ನಿಧಾನ ಅಮ್ಮ. ಹಾಗಾಗಿ ಪಾರ್ಕು ಅಮ್ಮನದು. ಮಿಕ್ಕವರು ಅದರಲ್ಲೇ ಹೊಂದಿಕೊಳ್ಳಬೇಕು.

ಹೆನ್ರಿ ಕೋವೆಲ್: ಐದಕ್ಕೆ ಕಡಿಮೆ ಗೊಮ್ಮಟ

ಸಾಂತಾ ಕ್ರೂಜ್ ಬೆಟ್ಟಗಳಲ್ಲಿ ಫೆಲ್ಟನ್ ಅಂತ ಒಂದು ಪುಟ್ಟ ಊರು. ಹೈವೇ 17ರಲ್ಲಿ ಹೋಗಿ ಸ್ಕಾಟ್ಸ್ ವ್ಯಾಲಿಯಲ್ಲಿ ಇಳಿದುಕೊಂಡರೆ ಸಿಗುತ್ತದೆ. ನಮ್ಮ ಮನೆಯಿಂದ ಗಂಟೆ ದಾರಿ. ಆದರೆ 17 ಸಮುದ್ರದ ದಾರಿಯೂ ಹೌದು. ಬೇಸಿಗೆಯ ಶನಿವಾರ ಹತ್ತರ ಮೇಲೆ ಹೊರಟರೆ ಲಾಸ್ ಗಾಟೋಸ್‌ನಲ್ಲೇ ಕೂತಿರುತ್ತೀರಿ. ಮನೆ ಬಿಡೋದು ಎಂಟಕ್ಕೆ. ಈ ವಿಷಯದಲ್ಲಿ ರಾಜಿ ಬೇಡ.

ರೆಡ್‌ವುಡ್ ಅಂದರೆ ಮುಗಿಲೆತ್ತರ ಬೆಳೆಯುವ ಮರ. ಆ ಮರಗಳ ನಡುವೆ ಹೋಗುವ ಇಲ್ಲಿನ ರೆಡ್‌ವುಡ್ ಗ್ರೋವ್ ದಾರಿ ಮುಕ್ಕಾಲು ಮೈಲಿಗಿಂತ ಚೂರು ಜಾಸ್ತಿ, ಒಂದು ಸುತ್ತು. ಪೂರ್ತಿ ಸಪಾಟು. ಸ್ಟ್ರೋಲರ್, ವೀಲ್‌ಚೇರ್ ಎರಡೂ ಹೋಗುತ್ತವೆ. ಪಾರ್ಕಿಂಗಿನಿಂದ ಎರಡೇ ಹೆಜ್ಜೆ. ಅಮ್ಮ ಆ ಸುತ್ತು ಮುಗಿಸೋಕೆ ಒಂದೂವರೆ ಗಂಟೆ ತೆಗೆದುಕೊಂಡರು. ಮಂಡಿ ನೋವಿಗಲ್ಲ, ಪ್ರತಿ ಮರದ ಹತ್ತಿರವೂ ನಿಂತು ತೊಗಟೆ ಮುಟ್ಟಿ ನೋಡೋಕೆ. ತೆಂಗಿನ ನಾರಿನ ಹಾಗೆ ಮೆತ್ತಗೆ, ಕೆಂಪಗೆ ಇರುತ್ತದೆ ಆ ತೊಗಟೆ. ದೊಡ್ಡ ಮರದಲ್ಲಿ ಅಡಿಯಷ್ಟು ದಪ್ಪ ಇರಬಹುದು. ಅದಕ್ಕೇ ಸಣ್ಣಪುಟ್ಟ ಕಾಡ್ಗಿಚ್ಚಿಗೆ ಈ ಮರ ಜಗ್ಗಲ್ಲ.

ಇಲ್ಲಿನ ಅತಿ ಎತ್ತರದ ಮರ ಸುಮಾರು 277 ಅಡಿ. ನಿವೃತ್ತ ಗಣಿತ ಮೇಷ್ಟ್ರಾದ ಅಪ್ಪ ಕತ್ತೆತ್ತಿ ನೋಡಿ, ಒಂದು ನಿಮಿಷ ಸುಮ್ಮನಿದ್ದು, "ನಾಲ್ಕು ಮುಕ್ಕಾಲು ಗೊಮ್ಮಟ" ಅಂದರು. ಶ್ರವಣಬೆಳಗೊಳ ನಮ್ಮೂರಿನ ಪಕ್ಕದಲ್ಲೇ ಇರೋದರಿಂದ ಅವರಿಗೆ ಎತ್ತರ ಅಂದರೆ ಅದೇ ಅಳತೆ. ಚಾವುಂಡರಾಯ ಗೊಮ್ಮಟನನ್ನು ಕಡೆಸಿದ್ದು ಹತ್ತನೇ ಶತಮಾನದಲ್ಲಿ. ಇಲ್ಲಿನ ಹಳೆಯ ಮರಗಳಿಗೆ 1,400 ವರ್ಷಕ್ಕಿಂತ ಹೆಚ್ಚು. ಅಂದರೆ ಅಲ್ಲಿ ಉಳಿ ಪೆಟ್ಟು ಬೀಳುವ ಹೊತ್ತಿಗೇ ಇವು ದೊಡ್ಡ ಮರಗಳು. ಇಷ್ಟು ದೊಡ್ಡ ಮರದ ಕಾಯಿ ಎಷ್ಟಿದೆ ಗೊತ್ತಾ? ನೆಲ್ಲಿಕಾಯಿ ಗಾತ್ರ. ಮಗ ಒಂದನ್ನು ಆರಿಸಿ ಅಜ್ಜನ ಅಂಗೈ ಮೇಲಿಟ್ಟ. ನೋಡಿ, ಅಲ್ಲೇ ವಾಪಸ್ ಹಾಕಿಸಿದೆವು. ಪಾರ್ಕಿನಿಂದ ಏನನ್ನೂ ಮನೆಗೆ ತರುವ ಹಾಗಿಲ್ಲ.

ದಾರಿಯಲ್ಲಿ ಫ್ರಿಮಾಂಟ್ ಮರ ಅಂತ ಒಂದಿದೆ. ಬುಡ ಪೊಟರೆ. ಬಗ್ಗಿ ಒಳಗೆ ಹೋದರೆ ಒಂದು ಸಣ್ಣ ಕೋಣೆಯಷ್ಟು ಜಾಗ, ಕತ್ತಲೆ. ಮಗ ನಾಲ್ಕು ಸಲ ಹೋಗಿ ಬಂದ. ಐದನೇ ಸಲ ಅಪ್ಪನೂ ಹೋದರು. ಮೊಬೈಲ್ ಟಾರ್ಚ್ ಆರಿಸಿ ಒಂದು ನಿಮಿಷ ಸುಮ್ಮನೆ ನಿಂತರೆ ಕಣ್ಣು ಹೊಂದಿಕೊಂಡು ಒಳಗೋಡೆ ಕಾಣಿಸುತ್ತದೆ.

ಇಲ್ಲಿ ಬಿಳಿ ರೆಡ್‌ವುಡ್ ಕೂಡ ಇದೆ. ಎಲೆಯಲ್ಲಿ ಹಸಿರೇ ಇರಲ್ಲ, ಮೇಣದ ಹಾಗೆ ಬೆಳ್ಳಗೆ. ಹಸಿರಿಲ್ಲ ಅಂದಮೇಲೆ ತನ್ನ ಊಟ ತಾನು ಮಾಡಿಕೊಳ್ಳೋಕಾಗಲ್ಲ. ಬೇರಿನ ಮೂಲಕ ತಾಯಿಮರದಿಂದಲೇ ತಿಂದುಕೊಂಡು ಬದುಕುತ್ತದೆ. ಇದನ್ನು ವಿವರಿಸಿದಾಗ ಅಪ್ಪ, "ಓದಿಸಿ, ಕೆಲಸಕ್ಕೆ ಹೋಗದೆ ಮನೇಲೇ ಉಳಿದ ಮಗ ಅನ್ನು" ಅಂದರು. ಹಾದಿಯ ಗೈಡ್ ಹಾಳೆ ವಿಸಿಟರ್ ಸೆಂಟರ್‌ನಲ್ಲಿ ಸಿಗುತ್ತದೆ. ತೆಗೆದುಕೊಳ್ಳಿ, ಇಲ್ಲದಿದ್ದರೆ ಇಂಥದ್ದೆಲ್ಲ ಗೊತ್ತಾಗದೆ ತಪ್ಪಿಹೋಗುತ್ತದೆ.

ಪಕ್ಕದಲ್ಲೇ ರೋರಿಂಗ್ ಕ್ಯಾಂಪ್ ಅಂತ ಖಾಸಗಿಯವರ ಉಗಿಬಂಡಿ ಇದೆ. ಹಳೆಯ ಸ್ಟೀಮ್ ಎಂಜಿನ್ ರೆಡ್‌ವುಡ್ ಕಾಡಿನೊಳಗೆ ಬೆಟ್ಟ ಹತ್ತಿಸಿಕೊಂಡು ಬರುತ್ತದೆ, ಗಂಟೆಗೂ ಸ್ವಲ್ಪ ಜಾಸ್ತಿ ಸವಾರಿ. ಆರು ಜನಕ್ಕೆ ಟಿಕೆಟ್ ಅಂದರೆ ಕೈ ಕಚ್ಚುತ್ತದೆ. ನಾವು ಒಂದು ಉಪಾಯ ಮಾಡಿದೆವು. ಅಪ್ಪ ಮತ್ತು ಮಗನನ್ನು ಮಾತ್ರ ಹತ್ತಿಸಿ, ಉಳಿದವರು ನದಿ ದಡದ ಪಿಕ್ನಿಕ್ ಜಾಗದಲ್ಲಿ ಚಾಪೆ ಹಾಸಿದೆವು. ಮಗಳು ಅಲ್ಲೇ ಅಜ್ಜಿ ತೊಡೆ ಮೇಲೆ ಮಲಗಿದಳು. ಒಂದೇ ಜಾಗದಲ್ಲಿ ಮೂರು ತಲೆಮಾರಿನವರೂ ಅವರವರ ಪಾಡಿಗೆ ಖುಷಿಯಾಗಿರುವ ಪಾರ್ಕು ಬೇರೆ ನಾನು ನೋಡಿಲ್ಲ.

ದೋಷ ಏನೂ ಇಲ್ಲವಾ? ಇದೆ. ಜನ ಜಾಸ್ತಿ. ಹನ್ನೊಂದರ ಮೇಲೆ ಆ ಸುತ್ತುದಾರಿಯಲ್ಲಿ ಜಾತ್ರೆ. ನಿಶ್ಶಬ್ದವಾದ ಕಾಡು ಬೇಕು ಅನ್ನುವವರಿಗೆ ಇದು ಆಗಲ್ಲ.

ಬಿಗ್ ಬೇಸಿನ್: ಸುಟ್ಟ ಕಾಡು ಚಿಗುರಿದ್ದು

ಬಿಗ್ ಬೇಸಿನ್ ಕ್ಯಾಲಿಫೋರ್ನಿಯಾದ ಅತ್ಯಂತ ಹಳೆಯ ಸ್ಟೇಟ್ ಪಾರ್ಕ್, 1902ರದು. ಇದು ಹುಟ್ಟಿದ ಕಥೆಗೂ ಹೆನ್ರಿ ಕೋವೆಲ್‌ಗೂ ನಂಟಿದೆ. ಆ್ಯಂಡ್ರೂ ಹಿಲ್ ಅಂತ ಸ್ಯಾನ್ ಹೋಸೆಯ ಒಬ್ಬ ಚಿತ್ರಕಾರ, ಫೋಟೊ ಕೂಡ ತೆಗೆಯುತ್ತಿದ್ದ. ಫೆಲ್ಟನ್ ಹತ್ತಿರದ ಆ ಮರಗಳ ಫೋಟೊ ತೆಗೆಯೋಕೆ ಹೋದ. ಆಗ ಅದು ಖಾಸಗಿ ಜಾಗ. ಮಾಲೀಕ ಜಗಳಕ್ಕೆ ಬಂದು, ತೆಗೆದ ನೆಗೆಟಿವ್ ಕೊಡು ಅಂದ. ಇಂಥ ಮರ ಒಬ್ಬನ ಸ್ವತ್ತಾಗೋದೇ ತಪ್ಪು ಅಂತ ಹಿಲ್‌ಗೆ ರೋಷ ಹತ್ತಿತು. 1900ರಲ್ಲಿ ಗೆಳೆಯರನ್ನು ಸೇರಿಸಿ ಸೆಂಪರ್‌ವೈರೆನ್ಸ್ ಕ್ಲಬ್ ಕಟ್ಟಿದ. ಎರಡೇ ವರ್ಷದಲ್ಲಿ ಸರ್ಕಾರ ಬಿಗ್ ಬೇಸಿನ್ನಿನ ಕಾಡನ್ನು ಕೊಂಡುಕೊಂಡಿತು. ಜಗಳವಾಡಿದ ಜಾಗವೂ ಮುಂದೆ ಜನರ ಪಾರ್ಕೇ ಆಯಿತು ಅನ್ನಿ. ಈಗ ಹತ್ತು ಡಾಲರ್ ಕೊಟ್ಟರೆ ಎಷ್ಟು ಬೇಕಾದರೂ ಫೋಟೊ ತೆಗೆಯಬಹುದು.

2020ರ ಆಗಸ್ಟ್‌ನಲ್ಲಿ ಸಿಡಿಲಿನಿಂದ ಹತ್ತಿಕೊಂಡ ಬೆಂಕಿ ಈ ಪಾರ್ಕಿನ ಶೇಕಡ 97 ಭಾಗವನ್ನು ಸುಟ್ಟಿತು. ಮರದಲ್ಲಿ ಕಟ್ಟಿದ ಹಳೆಯ ವಿಸಿಟರ್ ಸೆಂಟರ್, ಆಫೀಸು ಎಲ್ಲ ಬೂದಿ. 2022ರ ಜುಲೈನಲ್ಲಿ ಒಂದಿಷ್ಟು ಭಾಗ ಮತ್ತೆ ತೆರೆಯಿತು. ಸುಟ್ಟ ಕಾಡಿನಲ್ಲಿ ನೋಡೋದೇನು ಅಂತ ನಾನೂ ಅಂದುಕೊಂಡಿದ್ದೆ. ಹೋಗಿ ನೋಡಿದರೆ ಕರ್ರಗೆ ಇದ್ದಿಲಾದ ಕಂಬಗಳಿಗೆ ಬುಡದಿಂದ ನೆತ್ತಿವರೆಗೂ ಹಸಿರು ಕೂದಲು ಬಂದ ಹಾಗೆ ಚಿಗುರು. ಕೊಂಬೆಯಲ್ಲಿ ಅಲ್ಲ, ಕಾಂಡದಿಂದಲೇ ನೇರವಾಗಿ. ತೊಗಟೆಯಡಿ ನೂರಾರು ವರ್ಷ ಸುಮ್ಮನೆ ಮಲಗಿದ್ದ ಮೊಗ್ಗುಗಳು ಬೆಂಕಿ ಬಿದ್ದ ಮೇಲೆ ಎದ್ದಿವೆ. ಅದಕ್ಕೆ ಬೇಕಾದ ಸಕ್ಕರೆಯನ್ನು ಮರ ದಶಕಗಳ ಹಿಂದೆಯೇ ಕೂಡಿಟ್ಟುಕೊಂಡಿತ್ತು ಅಂತ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಅಮ್ಮ ಕಾಂಡ ಮುಟ್ಟಿದರು. ಅಂಗೈಗೆ ಮಸಿ ಅಂಟಿತು. ಇನ್ನೊಂದು ಕೈಯಲ್ಲಿ ಚಿಗುರು ಹಿಡಿದಿದ್ದರು. ಒರೆಸಿಕೊಳ್ಳಮ್ಮ ಅಂತ ಟಿಶ್ಯೂ ಕೊಟ್ಟರೆ, "ಇರಲಿ ಬಿಡು" ಅಂದರು.

ಇಲ್ಲಿನ ರೆಡ್‌ವುಡ್ ಲೂಪ್ ಕೂಡ ಸಪಾಟು, ಅರ್ಧ ಮೈಲಿಗಿಂತ ಸ್ವಲ್ಪ ಜಾಸ್ತಿ. ಅಮ್ಮನ ಮಂಡಿಗೆ ಏನೂ ತೊಂದರೆಯಾಗಲಿಲ್ಲ. ಹಾಗಾದರೆ ಇದನ್ನು ಯಾಕೆ ಎರಡನೇ ಜಾಗದಲ್ಲಿಟ್ಟೆ? ಒಂದು, ರಸ್ತೆ. ಬೋಲ್ಡರ್ ಕ್ರೀಕ್‌ನಿಂದ ಒಳಗೆ ಹೋಗುವ 236ರಲ್ಲಿ ತಿರುವುಗಳು ಮುಗಿಯೋದೇ ಇಲ್ಲ, ಕೆಲವು ಕಡೆ ಎದುರಿಗೆ ಕಾರು ಬಂದರೆ ಉಸಿರು ಬಿಗಿಹಿಡಿಯಬೇಕು. ಎರಡು, ನಾವು ಹೋದಾಗ ಇದ್ದದ್ದು ತಾತ್ಕಾಲಿಕ ಟಾಯ್ಲೆಟ್ ಡಬ್ಬಗಳು ಮಾತ್ರ, ನಮ್ಮೂರ ರಥೋತ್ಸವದಲ್ಲಿ ನಿಲ್ಲಿಸುವಂಥವು. ಮೂರು, ಮೊಬೈಲ್ ಸಿಗ್ನಲ್ ಇಲ್ಲ. ಪಾರ್ಕಿಂಗನ್ನು ಮನೆಯಿಂದಲೇ ಮುಂಗಡವಾಗಿ ಬುಕ್ ಮಾಡಿ, ಅದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಬೇಕು. ಇನ್ನೊಂದು ವಿಷಯ ಬಹಳ ಜನಕ್ಕೆ ಹೊಳೆಯಲ್ಲ. ಮೇಲಿನ ಕೊಂಬೆಗಳೆಲ್ಲ ಸುಟ್ಟಿರೋದರಿಂದ ಇಲ್ಲಿ ನೆರಳು ಕಮ್ಮಿ. ರೆಡ್‌ವುಡ್ ಕಾಡು ಅಂದರೆ ತಂಪು ಅಂದುಕೊಂಡು ಟೋಪಿ ಬಿಟ್ಟು ಹೋಗಬೇಡಿ.

ರಸ್ತೆಯ ವಿಷಯ ಬಂದದ್ದಕ್ಕೆ ಹೇಳುತ್ತೇನೆ. ಕಕ್ಕುವ ಮಕ್ಕಳಿದ್ದರೆ ಬೆಳಿಗ್ಗೆ ಹಾಲು ಕುಡಿಸಬೇಡಿ. ಒಣ ಟೋಸ್ಟ್ ಕೊಡಿ, ಐಪ್ಯಾಡ್ ಕೊಡಬೇಡಿ. ಅಮ್ಮ ನಿಂಬೆಹಣ್ಣು ಮೂಸಿಸಿದರು. ಅದಕ್ಕೇ ವಾಸಿಯಾಯಿತೋ, ಅಜ್ಜಿ ಪಕ್ಕ ಕೂತದ್ದಕ್ಕೋ ಗೊತ್ತಿಲ್ಲ, ಎರಡನೇ ಸಲ ಏನೂ ಆಗಲಿಲ್ಲ.

ಮೌಂಟ್ ಡಯಾಬ್ಲೊ: ಕಾರಿನಲ್ಲೇ ತುದಿಗೆ

ಬೆಟ್ಟ ನೋಡಬೇಕು, ಹತ್ತೋಕಾಗಲ್ಲ ಅನ್ನುವವರಿಗೆ ಇದು. ಡ್ಯಾನ್‌ವಿಲ್ ಕಡೆಯಿಂದ ಕಾರು ನೇರ ತುದಿಗೇ ಹೋಗುತ್ತದೆ. 3,849 ಅಡಿ. ನಮ್ಮ ನಂದಿ ಬೆಟ್ಟಕ್ಕಿಂತ ಸಾವಿರ ಅಡಿಯಷ್ಟು ಕಡಿಮೆ. ಆದರೆ ಸುತ್ತ ಅಡ್ಡ ಬರುವ ಬೇರೆ ಬೆಟ್ಟ ಇಲ್ಲದ್ದರಿಂದ ನೋಟ ಬಹಳ ದೂರ ಹೋಗುತ್ತದೆ. ಮಳೆ ಬಂದು ಗಾಳಿ ತೊಳೆದ ಮರುದಿನ ಹೋದರೆ ಪೂರ್ವಕ್ಕೆ ಸಿಯೆರಾ ನೆವಾಡದ ಹಿಮ ಬಿಳಿ ಗೆರೆಯ ಹಾಗೆ ಕಾಣುತ್ತದೆ.

ತುದಿಯಲ್ಲೊಂದು ಕಲ್ಲಿನ ಕಟ್ಟಡ. 1930ರ ದಶಕದಲ್ಲಿ ನಿರುದ್ಯೋಗಿ ಹುಡುಗರಿಗೆ ಸರ್ಕಾರ ಕೆಲಸ ಕೊಟ್ಟಾಗ ಅವರು ಕಟ್ಟಿದ್ದು. ಅದರ ಗೋಡೆ ಕಲ್ಲಿನಲ್ಲಿ ಚಿಪ್ಪುಗಳ ಅಚ್ಚು ಕಾಣುತ್ತವೆ, ಒಂದು ಕಾಲಕ್ಕೆ ಸಮುದ್ರದ ತಳವಾಗಿತ್ತು ಆ ಕಲ್ಲು. ಮಜಾ ಏನು ಗೊತ್ತಾ, ಬೆಟ್ಟದ ನಿಜವಾದ ನೆತ್ತಿಯ ಬಂಡೆ ಈ ಕಟ್ಟಡದ ಒಳಗಿದೆ. ಗರ್ಭಗುಡಿಯ ಉದ್ಭವಮೂರ್ತಿಯ ಹಾಗೆ. ಅಮ್ಮ ಕೈ ಮುಗಿಯೋಕೆ ಹೋಗಿ ಅತ್ತಿತ್ತ ನೋಡಿ ಸುಮ್ಮನಾದರು. 1851ರಲ್ಲಿ ಜಮೀನು ಅಳೆಯೋಕೆ ಸರ್ವೆಯವರು ಶುರು ಮಾಡಿದ್ದು ಈ ತುದಿಯಿಂದಲೇ. ಉತ್ತರ ಕ್ಯಾಲಿಫೋರ್ನಿಯಾದ ಬಹುಭಾಗ, ನೆವಾಡ ಎಲ್ಲದರ ಸರ್ವೆಗೂ ಇದೇ ಮೂಲ ಗುರುತು. ಊರಿನಲ್ಲಿ ಬದುವಿನ ಕಲ್ಲಿಗಾಗಿ ಹತ್ತು ವರ್ಷ ಕೋರ್ಟಿಗೆ ಓಡಾಡಿದ ಅಪ್ಪ ಆ ಬಂಡೆಯನ್ನು ಬಹಳ ಹೊತ್ತು ನೋಡಿದರು.

ತುದಿಯ ಸುತ್ತ ಮುಕ್ಕಾಲು ಮೈಲಿಯ ಒಂದು ಸುತ್ತುದಾರಿ ಇದೆ. ಶುರುವಿನ ಸ್ವಲ್ಪ ದೂರ ಸಲೀಸು, ಆಮೇಲೆ ಕಲ್ಲು. ಅಮ್ಮ ಆ ಸ್ವಲ್ಪ ದೂರ ಬಂದರು, ಸಾಕಾಯಿತು. ಮಗನಿಗೆ ಕೆಳಗೆ ರಾಕ್ ಸಿಟಿ ಅಂತ ಬಂಡೆಗಳ ಜಾಗ ಇದೆ. ಗಾಳಿ ಕೊರೆದ ಗುಹೆಗಳಲ್ಲಿ ತೂರಿ, ಹತ್ತಿ, ಪ್ಯಾಂಟು ಹರಿದುಕೊಂಡು ಬಂದ.

ಏಪ್ರಿಲ್, ಮೇನಲ್ಲಿ ಬೆಟ್ಟ ಹಸಿರು, ತುಂಬ ಹೂವು. ಜೂನ್ ಕಳೆದರೆ ಎಲ್ಲ ಒಣಗಿ ಹೊಂಬಣ್ಣ. ಜುಲೈ, ಆಗಸ್ಟ್‌ನಲ್ಲಿ ನೂರು ಡಿಗ್ರಿ ಫ್ಯಾರನ್‌ಹೀಟ್ ದಾಟುತ್ತದೆ, ನೆರಳಿಲ್ಲ. ಆ ಕಾಲದಲ್ಲಿ ವಯಸ್ಸಾದವರನ್ನು ಕರೆದುಕೊಂಡು ಹೋಗೋದು ಬೇಡವೇ ಬೇಡ. ಸಂಜೆ ಸೂರ್ಯ ಮುಳುಗುವ ಹೊತ್ತಿಗೆ ಗೇಟು ಹಾಕುತ್ತಾರೆ. ಸನ್‌ಸೆಟ್ ನೋಡೇ ಹೋಗೋಣ ಅಂತ ಕೂತರೆ ಕಷ್ಟ. ದಾರಿಯಲ್ಲಿ ಸೈಕಲ್‌ನವರು ಜಾಸ್ತಿ, ತಿರುವಿನಲ್ಲಿ ಅವರನ್ನು ದಾಟೋಕೆ ಹೋಗಬೇಡಿ.

ನ್ಯಾಚುರಲ್ ಬ್ರಿಡ್ಜಸ್: ಸಮುದ್ರ ಮತ್ತು ಚಿಟ್ಟೆ

ಸಾಂತಾ ಕ್ರೂಜ್ ಊರಿನ ಅಂಚಿನಲ್ಲೇ ಇರುವ ಸ್ಟೇಟ್ ಬೀಚ್. ಹಿಂದೆ ಮೂರು ಕಲ್ಲಿನ ಕಮಾನುಗಳಿದ್ದವಂತೆ. ಹೊರಗಿನದು ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಬಿತ್ತು, ಒಳಗಿನದು 1980ರ ಬಿರುಗಾಳಿ ಮಳೆಯಲ್ಲಿ. ಈಗ ಉಳಿದಿರೋದು ನಡುವಿನದೊಂದೇ. ಹೆಸರು ಮಾತ್ರ ಇನ್ನೂ ಬಹುವಚನ.

ನಾನು ಇಲ್ಲಿಗೆ ಹೋಗೋದು ಕಮಾನಿಗಲ್ಲ, ಚಿಟ್ಟೆಗೆ. ಅಕ್ಟೋಬರ್ ಮಧ್ಯದಿಂದ ಚಳಿಗಾಲ ಕಳೆಯೋವರೆಗೆ ಮೊನಾರ್ಕ್ ಚಿಟ್ಟೆಗಳು ಇಲ್ಲಿನ ನೀಲಗಿರಿ ತೋಪಿಗೆ ಬರುತ್ತವೆ. ಹಲಗೆ ಹಾಸಿದ ದಾರಿ ಇದೆ, ವೀಲ್‌ಚೇರ್ ಹೋಗುತ್ತದೆ. ಬೆಳಿಗ್ಗೆ ಚಳಿಯಲ್ಲಿ ಹೋದರೆ ನಿರಾಸೆ. ರೆಕ್ಕೆ ಮುಚ್ಚಿ ಗೊಂಚಲಾಗಿ ನೇತಾಡುತ್ತಿರುತ್ತವೆ, ಒಣಗೆಲೆ ಅಂದುಕೊಂಡು ಮುಂದೆ ಹೋಗುತ್ತೀರಿ. ಬಿಸಿಲು ಬಿದ್ದ ಮೇಲೆ, ಹನ್ನೊಂದು ಹನ್ನೆರಡರ ಹೊತ್ತಿಗೆ, ಆ ಒಣಗೆಲೆಗಳು ಒಂದೊಂದಾಗಿ ಕಿತ್ತಳೆ ಬಣ್ಣಕ್ಕೆ ಬಿಚ್ಚಿಕೊಳ್ಳುತ್ತವೆ. ವರ್ಷದಿಂದ ವರ್ಷಕ್ಕೆ ಇವು ಕಮ್ಮಿಯಾಗುತ್ತಿವೆ ಅನ್ನೋದು ಬೇಜಾರಿನ ಸಂಗತಿ. ಅಪ್ಪ ಅಮ್ಮ ಊರಿಗೆ ಹೊರಡುವ ಹಿಂದಿನ ವಾರ ಹೋದಾಗ ಒಂದೊಂದೇ ಕಾಣಿಸಿಕೊಳ್ಳೋಕೆ ಶುರುವಾಗಿತ್ತು.

ನೀರು ಇಳಿದಾಗ ಬಂಡೆಗಳ ಗುಳಿಗಳಲ್ಲಿ ನಕ್ಷತ್ರಮೀನು, ಏಡಿ ಕಾಣುತ್ತವೆ. ಚಳಿಗಾಲದಲ್ಲಿ ದೊಡ್ಡ ಇಳಿತ ಮಧ್ಯಾಹ್ನದ ಮೇಲೆ ಬರುತ್ತದೆ, ಬೇಸಿಗೆಯಲ್ಲಿ ನಸುಕಿಗೆ. ಆದ್ದರಿಂದ ಮಕ್ಕಳ ಜೊತೆಗಾದರೆ ಚಳಿಗಾಲವೇ ಅನುಕೂಲ. ಗೋಕರ್ಣ, ಮಲ್ಪೆಯ ಅಭ್ಯಾಸದಲ್ಲಿ ನೀರಿಗಿಳಿಯಬೇಡಿ. ಈ ಸಮುದ್ರ ವರ್ಷವೆಲ್ಲ ಕೊರೆಯುತ್ತದೆ. ಅಲೆಗೆ ಬೆನ್ನು ಹಾಕಿ ಫೋಟೊಗೆ ನಿಲ್ಲೋದೂ ಬೇಡ. ಅಮ್ಮ ಪಾದ ಒದ್ದೆ ಮಾಡಿಕೊಂಡು "ಅಯ್ಯಪ್ಪಾ!" ಅಂತ ಓಡಿಬಂದರು. ಆರು ತಿಂಗಳಲ್ಲಿ ಅವರು ಓಡಿದ್ದು ಅದೊಂದೇ ಸಲ.

ಜೂನ್, ಜುಲೈನಲ್ಲಿ ಹೋಗುವವರಿಗೆ ಒಂದು ಮಾತು. ಮನೆಯಲ್ಲಿ ಸೆಖೆ ಇದ್ದರೂ ಕರಾವಳಿಯಲ್ಲಿ ಮಧ್ಯಾಹ್ನದವರೆಗೆ ಮಂಜು ಕವಿದಿರುತ್ತದೆ. ಸ್ವೆಟರ್, ಮಂಕಿ ಕ್ಯಾಪ್ ಇಟ್ಟುಕೊಳ್ಳಿ. ಅಪ್ಪನ ಮಂಕಿ ಕ್ಯಾಪ್ ನೋಡಿ ನಾಚಿಕೆಪಟ್ಟ ಮಗ ಮಧ್ಯಾಹ್ನದ ಹೊತ್ತಿಗೆ ಅದನ್ನೇ ಇಸಿದುಕೊಂಡ.

ಬುತ್ತಿ, ಚೊಂಬು, ಮೂರೆಲೆ

ಯಾವ ಪಾರ್ಕ್ ಆದರೂ ಇವು ಒಂದೇ. ಒಳಗೆ ಊಟ ಸಿಗುತ್ತದೆ ಅಂತ ನಂಬಬೇಡಿ. ಪುಳಿಯೋಗರೆ, ಮೊಸರನ್ನ, ಚಪಾತಿ ಸುರುಳಿ. ಫ್ಲಾಸ್ಕಿನಲ್ಲಿ ಕಾಫಿ. ನಾವು ಮೊದಲ ಸಲ ಚುರುಮುರಿ ಕಲಸೋಣ ಅಂತ ಪೂರ್ತಿ ಸಾಮಾನು ಒಯ್ದಿದ್ದೆವು. ರೆಡ್‌ವುಡ್ ಪಾರ್ಕುಗಳಲ್ಲಿ ಅದಕ್ಕಿಂತ ತಪ್ಪು ತಿಂಡಿ ಇನ್ನೊಂದಿಲ್ಲ. ಯಾಕೆ ಅಂದರೆ ಇಲ್ಲಿ ಒಂದು ಅಗುಳೂ ನೆಲಕ್ಕೆ ಬೀಳಬಾರದು ಅಂತ ನಿಯಮ. ಮಾರ್ಬಲ್ಡ್ ಮರ್‌ಲೆಟ್ ಅಂತ ಒಂದು ಕಡಲಹಕ್ಕಿ ಇದೆ. ಮೀನು ಹಿಡಿಯೋದು ಸಮುದ್ರದಲ್ಲಿ, ಮೊಟ್ಟೆ ಇಡೋದು ಮೈಲಿಗಟ್ಟಲೆ ಒಳಗಿರುವ ಈ ಹಳೆಯ ಮರಗಳ ಕೊಂಬೆ ಮೇಲೆ. ನಾವು ಚೆಲ್ಲಿದ ತಿಂಡಿಗೆ ನೀಲಿ ಜೇ ಹಕ್ಕಿ, ಕಾಗೆಗಳು ಬರುತ್ತವೆ. ಬಂದವು ಮರ್‌ಲೆಟ್ ಮೊಟ್ಟೆಯನ್ನೂ ತಿಂದುಹಾಕುತ್ತವೆ. ಅಳಿವಿನಂಚಿನ ಹಕ್ಕಿ ಅದು. ಮಗ ಇದನ್ನು ಬೋರ್ಡಿನಲ್ಲಿ ಓದಿ, ಅಜ್ಜಿ ಸೀರೆ ನೆರಿಗೆಯಲ್ಲಿ ಸಿಕ್ಕಿಕೊಂಡಿದ್ದ ಕಡ್ಲೆಪುರಿಯನ್ನೂ ಹೆಕ್ಕಿದ.

ಟಾಯ್ಲೆಟ್‌ನಲ್ಲಿ ಕಾಗದ ಇರುತ್ತದೆ, ನೀರಿರಲ್ಲ. ಹಿರಿಯರು ಬಾಯಿಬಿಟ್ಟು ಹೇಳಲ್ಲ, ನೀರು ಕುಡಿಯೋದನ್ನೇ ಬಿಟ್ಟುಬಿಡುತ್ತಾರೆ. ಅಮ್ಮ ಹಾಗೇ ಮಾಡಿ ಮೊದಲ ಸಲ ತಲೆನೋವು ತರಿಸಿಕೊಂಡರು. ಆಮೇಲೆ ಒಂದು ಬಟ್ಟೆ ಚೀಲದಲ್ಲಿ ನೀರಿನ ಬಾಟಲಿ, ಪ್ಲಾಸ್ಟಿಕ್ ಚೊಂಬು, ಸೋಪು ಇಟ್ಟು ಅವರ ಕೈಗೇ ಕೊಟ್ಟೆ. ಮಿಕ್ಕ ತಯಾರಿಗಳಿಗಿಂತ ಇದರಿಂದ ಆದ ಉಪಯೋಗವೇ ಜಾಸ್ತಿ.

ಇನ್ನು ಮೂರೆಲೆ. ದಾರಿ ಬದಿಯಲ್ಲಿ ಪಾಯ್ಸನ್ ಓಕ್ ಅಂತ ಪೊದೆ ಬೆಳೆಯುತ್ತದೆ. ಒಂದು ತೊಟ್ಟಿಗೆ ಮೂರು ಎಲೆ, ಹೊಳಪು ಹಸಿರು. ಬೇಸಿಗೆ ಕೊನೆಗೆ ಕೆಂಪಾಗುತ್ತದೆ. ಅಮ್ಮ "ಬಿಲ್ವಪತ್ರೆ ಥರ ಇದೆಯಲ್ಲೇ" ಅಂತ ಕೈ ಚಾಚಿದರು. ಹೌಹಾರಿ ಎಳೆದುಕೊಂಡೆ. ಮುಟ್ಟಿದರೆ ಒಂದೆರಡು ದಿನಕ್ಕೆ ಮೈಯೆಲ್ಲ ಗುಳ್ಳೆ, ಕೆರೆತ. ಮಾವು, ಗೇರಿನ ಕುಟುಂಬದ್ದೇ ಗಿಡ. ಗೇರುಕಾಯಿ ಸೊನೆ ತಾಗಿ ಚರ್ಮ ಸುಟ್ಟುಕೊಂಡವರಿಗೆ ಅಂದಾಜಾಗುತ್ತದೆ. ತಾಗಿದ ಕೂಡಲೇ ಸೋಪು ಹಾಕಿ ತೊಳೆಯಬೇಕು, ಬಟ್ಟೆಯನ್ನೂ ಒಗೆಯಬೇಕು. ವಿಸಿಟರ್ ವೀಸಾದಲ್ಲಿ ಬಂದವರನ್ನು ಇಲ್ಲಿ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗೋದು ಎಂಥ ಖರ್ಚು ಅಂತ ನಿಮಗೇ ಗೊತ್ತು. ಊರಿನಲ್ಲೇ ಫೋನಿನಲ್ಲಿ ಫೋಟೊ ತೋರಿಸಿ ಹೇಳಿಬಿಡಿ.

ಆನ್ಯೊ ನ್ಯೂವೊ ಬಗ್ಗೆಯೂ ಜನ ಕೇಳುತ್ತಾರೆ. ಆನೆ ಸೀಲ್‌ಗಳು ಮರಿ ಹಾಕೋಕೆ ಬರುವ ಕಡಲತೀರ. ಡಿಸೆಂಬರ್ ಮಧ್ಯದಿಂದ ಮಾರ್ಚ್ ಕೊನೆವರೆಗೆ ಗೈಡ್ ಜೊತೆಗೇ ಹೋಗಬೇಕು, ಮೊದಲೇ ಬುಕ್ ಮಾಡಬೇಕು. ಮರಳಿನ ಮೇಲೆ ಮೂರ್ನಾಲ್ಕು ಮೈಲಿ ನಡಿಗೆ, ಎರಡೂವರೆ ಗಂಟೆ. ಅಮ್ಮನ ಮಂಡಿಗೆ ಆಗದ ಮಾತು ಅಂತ ಬಿಟ್ಟಿದ್ದೆ. ಅವರು ಊರಿಗೆ ಹೋದ ಮೇಲೆ ಜನವರಿಯಲ್ಲಿ ನಾವು ನಾಲ್ವರೇ ಹೋಗಿಬಂದೆವು. ರಾತ್ರಿ ವಿಡಿಯೊ ಕಾಲ್‌ನಲ್ಲಿ ಮಗ ಗಂಡು ಸೀಲ್ ಗುಟುರು ಹಾಕೋದನ್ನು ಮಾಡಿ ತೋರಿಸಿದ. ಅಮ್ಮ ಎಲ್ಲ ಕೇಳಿಸಿಕೊಂಡು, "ಅಲ್ಲಿ ಬೆಂಚು ಇದೆಯಾ?" ಅಂದರು.